ಆರು ಜನ, ಒಂದು ಸ್ಟೆಪ್ನಿ

ದೂರದ ಅಭಯಾರಣ್ಯವನ್ನೂ ಜನವಸತಿಯಿಲ್ಲದ ಕಡಲತೀರವನ್ನೂ ಒಂದೇ ರಜೆಯಲ್ಲಿ ತೋರಿಸುವ ಸಂಯುಕ್ತ ಸಫಾರಿ ಕಚೇರಿಯ ನಿಯಮಾವಳಿಯಂತೆ, ಸಣ್ಣ ಗುಂಪು ಎಂದರೆ ಆರು ಜನ. ಐದು ಜನರಿದ್ದರೆ ಅದು ಗುಂಪಲ್ಲ. ಏಳು ಜನರಿದ್ದರೆ ಅದು ಸಣ್ಣದಲ್ಲ. ಈ ಸಂಖ್ಯೆಯನ್ನು ನಿಗದಿಪಡಿಸಲು ಒಂದು ಸಮಿತಿ ಎರಡು ವರ್ಷ ದುಡಿಯಿತು. ಕಚೇರಿಯ ಜೀಪಿನಲ್ಲಿ ಚಾಲಕನ ಜಾಗ ಬಿಟ್ಟು ಆರೇ ಆಸನಗಳಿರುವುದು ವರದಿ ಅಚ್ಚಾದ ಮೇಲೆ ಗಮನಕ್ಕೆ ಬಂತು. ಸಮಿತಿಯ ದೂರದೃಷ್ಟಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ ಎಂದು ಅದರ ಅವಧಿಯನ್ನು ಇನ್ನೆರಡು ವರ್ಷ ವಿಸ್ತರಿಸಲಾಯಿತು.

ಚಾಲಕನನ್ನು ಎಣಿಸುವ ಪ್ರಶ್ನೆ ಏಳಲಿಲ್ಲ. ನಿಯಮ ನಾಲ್ಕರ ಮೂರನೆಯ ಉಪವಿಧಿ ಹೀಗಿದೆ: "ಚಾಲಕನು ವಾಹನದ ಭಾಗವಾಗಿರತಕ್ಕದ್ದು. ವಾಹನದ ಯಾವುದೇ ಭಾಗವನ್ನು ಗುಂಪಿನ ಸಂಖ್ಯೆಗೆ ಸೇರಿಸತಕ್ಕದ್ದಲ್ಲ." ಚಾಲಕ ಇದಕ್ಕೆ ಹೊಂದಿಕೊಂಡು ಇಪ್ಪತ್ತು ವರ್ಷಗಳಾಗಿದ್ದವು. ಅವನು ರಜೆ ಹಾಕಿದ ದಿನ ದಾಖಲೆಯಲ್ಲಿ "ವಾಹನ ಕೆಟ್ಟಿದೆ" ಎಂದು ನಮೂದಾಗುತ್ತಿತ್ತು. ಅವನ ಮದುವೆಗೆ ವಾಹನ ಮೂರು ದಿನ ಕೆಟ್ಟಿತ್ತು.

ಪ್ರವಾಸ ನಾಲ್ಕು ದಿನಗಳದ್ದು. ಎರಡು ದಿನ ಕಾಡು, ಮೂರನೆಯ ದಿನ ನದಿಯ ದಂಡೆಗುಂಟ ಇಳಿಜಾರು, ನಾಲ್ಕನೆಯ ದಿನ ಕಡಲು. ಆ ತೀರದಲ್ಲಿ ಅಂಗಡಿಯಿಲ್ಲ, ಬಂದರಿಲ್ಲ, ಕೂರಲು ಕಲ್ಲುಬೆಂಚೂ ಇಲ್ಲ. ಋತುವಿನ ಕೊನೆಯ ವಾರದಲ್ಲಿ ಮಾತ್ರ ಆನೆಗಳು ಕಾಡಿನಿಂದ ಹೊರಬಂದು, ಮರಳು ದಾಟಿ, ಅಲೆಗಳಲ್ಲಿ ಮೊಣಕಾಲುದ್ದ ನೀರಿಗೆ ಇಳಿಯುತ್ತವೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ಆನೆಗಳು ಇದಕ್ಕೆ ಯಾರ ಅನುಮತಿಯನ್ನೂ ಪಡೆದಿಲ್ಲ.

ಆ ವಾರದ ಟಿಕೆಟ್ಟಿಗೆ ಅರ್ಜಿ ಹಾಕಿದವರಲ್ಲಿ ಒಬ್ಬ ನಿವೃತ್ತ ದಾದಿ ಇದ್ದರು. ವಯಸ್ಸು ಅರವತ್ತೇಳು. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷ ಪಾಳಿ ಮಾಡಿದವರು. ಊರಿನ ಅರ್ಧದಷ್ಟು ಜನರನ್ನು ಮೊದಲು ನೋಡಿದ ಕಣ್ಣು ಅವರದು. ಈಗ ಆ ಕಣ್ಣಿನ ನರ ಒಣಗುತ್ತಿತ್ತು. ಕಣ್ಣಿನ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ.

"ನೋಡೋದೇನಾದ್ರೂ ಬಾಕಿ ಇದ್ರೆ ಈ ವರ್ಷವೇ ಮುಗಿಸ್ಕೊಳ್ಳಿ ಸಿಸ್ಟರ್."

"ಒಂದೇ ಬಾಕಿ. ಆನೆ. ಸಮುದ್ರದಲ್ಲಿ."

ಡಾಕ್ಟರು ಚೀಟಿಯಲ್ಲಿ ಇನ್ನೊಂದು ಪರೀಕ್ಷೆ ಬರೆದರು. ಅದು ಕಣ್ಣಿಗೆ ಸಂಬಂಧಪಟ್ಟದ್ದಲ್ಲ.

ದಾದಿಯ ಜೊತೆಗೆ ಹೊರಟವರು ಅವರ ನಾದಿನಿ. ನ್ಯಾಯಾಲಯದಲ್ಲಿ ಮೂವತ್ತು ವರ್ಷ ಬೆರಳಚ್ಚುಗಾರ್ತಿಯಾಗಿದ್ದವರು, ಆದ್ದರಿಂದ ಸಣ್ಣ ಅಕ್ಷರಗಳನ್ನೂ ಓದುವ ಕೆಟ್ಟ ಅಭ್ಯಾಸ ಉಳಿಸಿಕೊಂಡಿದ್ದವರು. ಇವರಿಬ್ಬರಲ್ಲದೆ ಗಡಿಯಾರ ರಿಪೇರಿಯವರು, ಅವರ ಹೆಂಡತಿ, ಒಬ್ಬ ಭೂಗೋಳದ ಮೇಷ್ಟ್ರು ಮತ್ತು ಒಬ್ಬ ಹಲ್ಲಿನ ಡಾಕ್ಟರು. ಒಟ್ಟು ಆರು. ಹಣ ಕಟ್ಟಿಸಿಕೊಂಡು ಆರು ಟಿಕೆಟ್ ಕೊಡಲಾಯಿತು. ಟಿಕೆಟ್ಟಿನ ಮೇಲೆ ಆನೆಯ ಚಿತ್ರವೂ ಇತ್ತು.

ಹೊರಡುವ ವಾರ ಕಚೇರಿಯ ಸೂಚನಾಫಲಕದಲ್ಲಿ ದಿನಕ್ಕೊಂದು ಪ್ರಕಟಣೆ ಬರತೊಡಗಿತು. ಸೋಮವಾರದ ಪ್ರಕಟಣೆಯಂತೆ ಪ್ರವಾಸಿಗಳ ಹಿತದೃಷ್ಟಿಯಿಂದ ಒಬ್ಬ ಮಾರ್ಗದರ್ಶಿಯನ್ನು ನೇಮಿಸಲಾಗಿತ್ತು. ಮಾರ್ಗದರ್ಶಿಯೂ ಮನುಷ್ಯರಾದ್ದರಿಂದ ಗುಂಪಿನಲ್ಲಿ ಒಬ್ಬರೆಂದು ಎಣಿಕೆಯಾದರು. ಹಲ್ಲಿನ ಡಾಕ್ಟರು ಪಟ್ಟಿಯಿಂದ ಇಳಿದರು. ಮಂಗಳವಾರ, ಮಾರ್ಗದರ್ಶಿಗೆ ಅಪಾಯವಾದರೆ ಹೊಣೆ ಯಾರು ಎಂಬ ಪ್ರಶ್ನೆ ಬಂದು ಒಬ್ಬ ರಕ್ಷಣಾಧಿಕಾರಿ ಸೇರಿದರು, ಮೇಷ್ಟ್ರು ಇಳಿದರು. ಬುಧವಾರ ಕಾಡಿನ ಇಲಾಖೆ ತನ್ನ ವೀಕ್ಷಕರೊಬ್ಬರನ್ನು ಕಳಿಸಿತು. ಅದು ತಿಳಿದು ಕಡಲ ಇಲಾಖೆ ಅದೇ ಮಧ್ಯಾಹ್ನ ತನ್ನ ವೀಕ್ಷಕರೊಬ್ಬರನ್ನೂ ಕಳಿಸಿತು. ಗಡಿಯಾರದವರು ಹೆಂಡತಿಸಮೇತ ಇಳಿದರು. ಗುರುವಾರ, ಗುಂಪಿನಲ್ಲಿ ಆರಕ್ಕಿಂತ ಹೆಚ್ಚು ಜನರಿಲ್ಲವೆಂದು ಸ್ಥಳದಲ್ಲೇ ದೃಢೀಕರಿಸಲು ಒಬ್ಬ ಎಣಿಕೆ ಅಧಿಕಾರಿ ಬೇಕೆಂದು ತೀರ್ಮಾನವಾಯಿತು. ಅವರು ಮೊದಲು ಎಣಿಸಿದ್ದು ತಮ್ಮನ್ನೇ. ನಾದಿನಿ ಇಳಿದರು.

ಉಳಿದದ್ದು ಒಂದು ಆಸನ, ಒಬ್ಬ ದಾದಿ.

ಶುಕ್ರವಾರದ ಪ್ರಕಟಣೆ ಅತ್ಯಂತ ಮಾನವೀಯವಾದದ್ದು. ಐವರು ಅಧಿಕಾರಿಗಳ ನಡುವೆ ಪ್ರವಾಸಿಗಳ ಹಿತ ಕಡೆಗಣನೆಯಾಗಬಾರದೆಂಬ ಕಾಳಜಿಯಿಂದ "ಪ್ರವಾಸಿ ಪ್ರತಿನಿಧಿ" ಎಂಬ ಹುದ್ದೆಯನ್ನು ಸೃಷ್ಟಿಸಲಾಗಿತ್ತು. ಅದಕ್ಕೆ ಅರ್ಹರನ್ನು ಹುಡುಕಲು ಕಷ್ಟವಾಗಲಿಲ್ಲ. ಕಚೇರಿಯ ಮೇಲ್ವಿಚಾರಕರ ಭಾವಮೈದ ಖಾಲಿ ಇದ್ದರು.

ದಾದಿಯೂ ನಾದಿನಿಯೂ ಮೇಲ್ವಿಚಾರಕರ ಕೋಣೆಗೆ ಹೋದರು. ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ನಿಯಮಾವಳಿ, ನಿಯಮಾವಳಿಯ ಮೇಲೆ ಲೋಟವಿಟ್ಟ ಗುರುತು. ಗೋಡೆಯ ಮೇಲೆ ಒಂದು ಜಿಂಕೆಯ ತಲೆ. ಕುಳಿತುಕೊಳ್ಳಿ ಎಂದು ಅವರೇನೂ ಹೇಳಲಿಲ್ಲ. ಇವರೂ ನಿಂತೇ ಮಾತಾಡಿದರು.

"ಸಾರ್, ಆರು ಟಿಕೆಟ್ ಕೊಟ್ಟಿದ್ದು ನೀವೇ. ನಾವೂ ಇದ್ದದ್ದು ಆರೇ ಜನ. ಎಲ್ಲಿ ತಪ್ಪಾಯ್ತು?" ಎಂದರು ನಾದಿನಿ.

"ತಪ್ಪೇನೂ ಆಗಿಲ್ಲಮ್ಮ. ಟಿಕೆಟ್ ಸರಿಯಾಗಿದೆ. ಗುಂಪೂ ಸರಿಯಾಗಿದೆ. ಎರಡೂ ಬೇರೆ ಬೇರೆ, ಅಷ್ಟೆ."

"ಮಾರ್ಗದರ್ಶಿ ಯಾರಿಗೆ ದಾರಿ ತೋರಿಸ್ತಾರೆ?"

"ರಕ್ಷಣಾಧಿಕಾರಿಗೆ."

"ರಕ್ಷಣಾಧಿಕಾರಿ ಯಾರನ್ನ ಕಾಯ್ತಾರೆ?"

"ಮಾರ್ಗದರ್ಶೀನ. ಇಬ್ಬರಿಗೂ ಕೈತುಂಬ ಕೆಲಸ."

"ಮತ್ತೆ ನಾವು?"

"ನಿಮ್ಮ ಪ್ರತಿನಿಧಿ ಹೋಗ್ತಾರಲ್ಲ. ನಿಮ್ಮ ಪರವಾಗಿ ನೋಡ್ಕೊಂಡು ಬರ್ತಾರೆ."

"ಅವರು ನೋಡಿದ್ರೆ ನಮ್ಮ ಅತ್ತಿಗೆ ನೋಡಿದ ಹಾಗೆ ಹೇಗಾಗುತ್ತೆ ಸಾರ್?"

"ಓಟು ಹಾಕಿ ಪ್ರತಿನಿಧಿ ಕಳಿಸ್ತೀರಲ್ಲಮ್ಮ. ಅಲ್ಲಿ ಏನು ನಡೀತು ಅಂತ ನೀವು ಹೋಗಿ ನೋಡ್ತೀರಾ?"

ನಾದಿನಿಯ ಕಣ್ಣು ಗಾಜಿನ ಕೆಳಗಿನ ನಿಯಮಾವಳಿಯ ಸಣ್ಣ ಅಕ್ಷರಗಳಿಗೆ ಇಳಿಯಿತು. ಮೇಲ್ವಿಚಾರಕರು ದಾದಿಯ ಕಡೆ ತಿರುಗಿ ದನಿ ಮೃದುಮಾಡಿಕೊಂಡರು.

"ಮುಂದಿನ ವರ್ಷ ಹೋಗಿ ಸಿಸ್ಟರ್. ಆನೆ ಎಲ್ಲಿಗೆ ಹೋಗುತ್ತೆ? ಸಮುದ್ರ ಎಲ್ಲಿಗೆ ಹೋಗುತ್ತೆ?"

"ಎರಡೂ ಇರುತ್ತೆ ಸಾರ್. ಕಣ್ಣು ಇರಲ್ಲ."

ವಿಷಯ ತಿಳಿದು ಮೇಲ್ವಿಚಾರಕರು ನಿಜವಾಗಿಯೂ ನೊಂದರು. ದೃಷ್ಟಿ ಕಳೆದುಕೊಂಡವರಿಗೆ ಕಚೇರಿಯಲ್ಲಿ ಮೀಸಲು ಆಸನದ ಯೋಜನೆಯೊಂದಿತ್ತು. ಆದರೆ ಪೂರ್ತಿ ಕಳೆದುಕೊಂಡಿರಬೇಕು; ಅರ್ಧಂಬರ್ಧಕ್ಕೆ ಅವಕಾಶವಿರಲಿಲ್ಲ. ಕಣ್ಣು ಹೋದ ಕೂಡಲೇ ಪ್ರಮಾಣಪತ್ರದೊಂದಿಗೆ ಬರುವಂತೆಯೂ, ಆಗ ಎಲ್ಲವನ್ನೂ ತೋರಿಸುವುದಾಗಿಯೂ ಭರವಸೆ ನೀಡಿ, ನಮೂನೆಯ ಎರಡು ಪ್ರತಿಗಳನ್ನು ಕೈಗಿತ್ತರು.

ಅಂಗಳದಲ್ಲಿ ಜೀಪು ನಿಂತಿತ್ತು. ಅದರ ಹಿಂಭಾಗದಲ್ಲಿ ಸ್ಟೆಪ್ನಿ ಸಿಕ್ಕಿಸುವ ಕಬ್ಬಿಣದ ಕೊಂಡಿ ಖಾಲಿ ಇತ್ತು. ನಾದಿನಿ ಅದನ್ನು ನೋಡಿದರು. ಕಿಟಕಿಯೊಳಗೆ ಉಗ್ರಾಣದವರ ದಾಸ್ತಾನು ಪುಸ್ತಕ ತೆರೆದಿತ್ತು. ಅದನ್ನೂ ನೋಡಿದರು, ತಲೆಕೆಳಗಾಗಿಯೇ ಓದಿದರು. ನಂತರ ಅತ್ತಿಗೆಯ ಕೈಹಿಡಿದು ಮೇಲ್ವಿಚಾರಕರ ಕೋಣೆಗೆ ವಾಪಸು ಬಂದರು.

"ಸಾರ್, ಜೀಪಿನ ಸ್ಟೆಪ್ನಿ ಎಲ್ಲಿ?"

ಮೇಲ್ವಿಚಾರಕರು ಎದ್ದು ಬಾಗಿಲು ಹಾಕಿದರು. ಸ್ಟೆಪ್ನಿ ಕಾಣೆಯಾಗಿ ನಾಲ್ಕು ವರ್ಷವಾಗಿತ್ತು. ಕಾಣೆಯಾಗಿದೆಯೆಂದು ಬರೆದರೆ ವಿಚಾರಣೆಯಾಗುತ್ತದೆ; ವಿಚಾರಣೆಯಾದರೆ ಅದು ಯಾರ ಭಾವಮೈದನ ಕಾರಿನಲ್ಲಿ ತಿರುಗುತ್ತಿದೆ ಎಂಬುದು ಹೊರಬರುತ್ತದೆ. ಆದ್ದರಿಂದ ಪ್ರತಿವರ್ಷ "ಸ್ಟೆಪ್ನಿ: ಒಂದು, ಹಾಜರು" ಎಂದೇ ಬರೆಯಲಾಗುತ್ತಿತ್ತು. ಮುಂದಿನ ತಿಂಗಳು ತಪಾಸಣೆಯವರು ಬರುವವರಿದ್ದರು.

"ಅದೆಲ್ಲ ಯಾಕಮ್ಮ ಈಗ?"

"ವಾಹನದ ಭಾಗಗಳನ್ನ ಎಣಿಸೋ ಹಾಗಿಲ್ಲ ಅಂತ ನಿಮ್ಮ ನಿಯಮವೇ ಹೇಳುತ್ತೆ. ಅತ್ತಿಗೇನ ಸ್ಟೆಪ್ನಿ ಅಂತ ಬರ್ಕೊಳ್ಳಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಮೇಲ್ವಿಚಾರಕರು ನಿಯಮವನ್ನು ಎರಡು ಸಲ ಓದಿದರು. ವಿರುದ್ಧವಾಗಿ ಏನೂ ಇರಲಿಲ್ಲ. ಉಗ್ರಾಣದವರನ್ನು ಕರೆಸಲಾಯಿತು. ಅವರು ದಾದಿಯನ್ನು ಸುತ್ತಲಿಂದ ಪರಿಶೀಲಿಸಿದರು.

"ಹಳೇದಾ ಸಾರ್?"

"ಅರವತ್ತೇಳು," ಎಂದರು ದಾದಿಯೇ.

"ಪುಸ್ತಕದಲ್ಲಿ ಹೊಸದು ಅಂತಿದೆ."

"ನಡೆಸ್ಕೊಳ್ರಿ," ಎಂದರು ಮೇಲ್ವಿಚಾರಕರು.

"ಗಾಳಿ ಹೊಡೆಯೋದೇನೂ ಇಲ್ವಲ್ಲ?" ಎಂದು ದಾದಿ ವಿಚಾರಿಸಿದರು.

"ಪಂಕ್ಚರ್ ಆದ್ರೆ ಮಾತ್ರ ಅಮ್ಮ. ಅಲ್ಲೀವರೆಗೆ ಆರಾಮಾಗಿ ಕೂತಿರಿ."

ಹೀಗೆ ಶನಿವಾರ ಬೆಳಗ್ಗೆ ಐದೂವರೆಗೆ ಸಣ್ಣ ಗುಂಪು ಹೊರಟಿತು. ಆರು ಅಧಿಕಾರಿಗಳು ಆಸನಗಳಲ್ಲಿ. ದಾದಿ ಹಿಂದೆ: ಕೊಂಡಿಯ ಮೇಲೆ ಹಲಗೆ, ಹಲಗೆಯ ಮೇಲೆ ದಿಂಬು, ಸೊಂಟಕ್ಕೆ ಬೆಲ್ಟು, ಕೈಚೀಲಕ್ಕೆ ದಾಸ್ತಾನು ಸಂಖ್ಯೆ. ಸ್ಟೆಪ್ನಿ ಹಿಂದಕ್ಕೆ ಮುಖಮಾಡಿರತಕ್ಕದ್ದಾದ್ದರಿಂದ ಅವರೂ ಹಿಂದಕ್ಕೆ ಮುಖಮಾಡಿದ್ದರು. ನಾದಿನಿ ಗೇಟಿನವರೆಗೆ ಬಂದರು. "ಬಿಗಿಯಾಗಿ ಹಿಡ್ಕೊಳ್ಳಿ ಅತ್ತಿಗೆ," ಎಂದರು. "ಬಿದ್ರೆ ಮತ್ತೆ ಅದಕ್ಕೊಂದು ಫಾರಂ ತುಂಬಿಸ್ತಾರೆ."

ಕಾಡಿನಲ್ಲಿ ಎರಡು ದಿನ ಮಾರ್ಗದರ್ಶಿ ಸುರಕ್ಷತಾ ಸೂಚನೆಗಳನ್ನು ಗಟ್ಟಿಯಾಗಿ ಓದಿದರು. ರಕ್ಷಣಾಧಿಕಾರಿ ಅವು ಸರಿಯಾಗಿವೆಯೇ ಎಂದು ಆಲಿಸಿದರು. ಎಣಿಕೆ ಅಧಿಕಾರಿ ಕಾಲುಗಂಟೆಗೊಮ್ಮೆ ಎಣಿಸಿ "ಆರು" ಎಂದು ಬರೆದುಕೊಂಡರು. ಪ್ರವಾಸಿ ಪ್ರತಿನಿಧಿ ಪ್ರವಾಸಿಗಳ ಪರವಾಗಿ ನಿದ್ದೆ ಮಾಡಿದರು. ಈ ಸದ್ದು ಮುಂದಕ್ಕೆ ಹೋದ ಮೇಲೆ ಪ್ರಾಣಿಗಳು ಪೊದೆಯಿಂದ ಹೊರಬಂದು ದಾರಿ ದಾಟುವುದು ವಾಡಿಕೆ. ಕಡವೆಗಳು ದಾಟಿದವು. ಒಂದು ಚಿರತೆ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ದಾಟಿತು, ನಡುದಾರಿಯಲ್ಲಿ ನಿಂತು ದಾದಿಯನ್ನು ನೋಡಿತು. ಬಾಣಂತಿಯ ದಣಿವನ್ನು ದಾದಿ ಗುರುತಿಸಿದರು. ಆ ಸಂಜೆಯ ಅಧಿಕೃತ ದಾಖಲೆ: ಪ್ರಾಣಿಗಳು, ಸೊನ್ನೆ.

ನಾಲ್ಕನೆಯ ದಿನ ಕಡಲು. ವಾಹನವನ್ನು ಹಿಂದಿರುಗುವ ದಿಕ್ಕಿಗೆ ಮುಖಮಾಡಿ ನಿಲ್ಲಿಸಬೇಕೆಂಬ ನಿಯಮವಿರುವುದರಿಂದ ಚಾಲಕ ಜೀಪನ್ನು ತಿರುಗಿಸಿ ನಿಲ್ಲಿಸಿದ. ಅಧಿಕಾರಿಗಳ ಮುಖ ಕಾಡಿಗೆ, ಸ್ಟೆಪ್ನಿಯ ಮುಖ ನೀರಿಗೆ. ಅದೇ ಹೊತ್ತಿಗೆ ಇಬ್ಬರು ವೀಕ್ಷಕರ ನಡುವೆ ಚರ್ಚೆ ಹುಟ್ಟಿತು.

"ಆನೆ ಬಂದ್ರೆ ಅದು ನಮ್ಮ ಲೆಕ್ಕ. ಕಾಡಿನ ಪ್ರಾಣಿ," ಎಂದರು ಕಾಡಿನವರು.

"ಕಾಲು ಒದ್ದೆ ಆದ್ಮೇಲೆ ಕಾಡಿನದು ಹೇಗ್ರೀ? ಅಲೆ ಮುಟ್ಟಿದ್ದೆಲ್ಲ ನಮ್ಮದು," ಎಂದರು ಕಡಲಿನವರು.

"ಮುಂಗಾಲು ಒದ್ದೆ, ಹಿಂಗಾಲು ಒಣ ಇದ್ರೆ?"

"ನಕ್ಷೆ ತೆಗೀರಿ."

ನಕ್ಷೆಯನ್ನು ಜೀಪಿನ ಮೂತಿಯ ಮೇಲೆ ಹರಡಲಾಯಿತು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗಳನ್ನು ನಾಲ್ವರು ಹಿಡಿದರು, ಉಳಿದಿಬ್ಬರು ವಾದಿಸಿದರು. ಹಿಂದೆ, ತೀರದ ಆ ತುದಿಯ ಕಾಡಿನಿಂದ ಆನೆಗಳು ಬಂದವು. ಸಾಲಾಗಿ ಬಂದವು, ಯಾರೂ ಯಾರನ್ನೂ ತಳ್ಳಲಿಲ್ಲ. ನೀರಿಗಿಳಿದು ಸುಮ್ಮನೆ ನಿಂತವು. ಒಂದು ಮರಿಯನ್ನು ಅಲೆ ಕೆಡವಿತು. ಅದು ಎದ್ದು ತಾಯಿಯ ಹೊಟ್ಟೆಯ ಕೆಳಗೆ ನುಗ್ಗಿತು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬೀಳಲೆಂದೇ ಹೊರಗೆ ಬಂತು. ದಾದಿಯ ನೋಟದ ಅಂಚುಗಳು ಆಗಲೇ ಮಸುಕಾಗಿದ್ದವು. ನಡುವೆ ಉಳಿದಿದ್ದ ಜಾಗದಲ್ಲಿ ಅವರು ಆನೆಗಳನ್ನು ಒಂದೊಂದಾಗಿ ನೋಡಿದರು, ತೊಟ್ಟಿಲಿನಿಂದ ತೊಟ್ಟಿಲಿಗೆ ಹೋದಂತೆ. ಚಾಲಕ ತನ್ನ ಕನ್ನಡಿಯಲ್ಲಿ ನೋಡುತ್ತಿದ್ದ.

"ಕಾಣ್ತಾ ಇದೆಯಾ ಅಮ್ಮ?" ಎಂದು ಅವನು ತಿರುಗದೆಯೇ ಕೇಳಿದ.

"ಕಾಣ್ತಿದೆಯಪ್ಪ. ಹನ್ನೊಂದು."

ವಾಹನದ ಎರಡು ಭಾಗಗಳು ಪರಸ್ಪರ ಮಾತಾಡಿದ್ದನ್ನು ಯಾರೂ ದಾಖಲಿಸಲಿಲ್ಲ. ಮುಕ್ಕಾಲು ಗಂಟೆಯ ನಂತರ ನಕ್ಷೆ ಮಡಚಿ ಆರು ಜನ ತಿರುಗಿ ನೋಡಿದಾಗ ಮರಳಿನ ಮೇಲೆ ದೊಡ್ಡ ಗುಂಡಿಗಳಿದ್ದವು. ಅವು ಯಾವ ಇಲಾಖೆಯವು ಎಂದು ಮುಂದಿನ ಸಭೆಯಲ್ಲಿ ಚರ್ಚಿಸುವುದಾಗಿ ಒಪ್ಪಂದವಾಯಿತು.

ಹಿಂದಿರುಗಿದ ಮೇಲೆ ಆರೂ ಜನ ಸಹಿ ಮಾಡಿ ವರದಿ ಸಲ್ಲಿಸಿದರು: ಆನೆಗಳು, ಸೊನ್ನೆ. ನಾದಿನಿ ತಕರಾರು ತೆಗೆದರು.

"ನಮ್ಮ ಅತ್ತಿಗೆ ಹನ್ನೊಂದು ನೋಡಿದ್ದಾರೆ ಸಾರ್."

"ಸ್ಟೆಪ್ನಿ ಹೇಗಮ್ಮ ನೋಡುತ್ತೆ?" ಎಂದರು ಮೇಲ್ವಿಚಾರಕರು. ಅವರ ಮಾತಿನಲ್ಲಿ ನ್ಯಾಯವಿತ್ತು.

"ಇರಲಿ ಬಿಡೇ," ಎಂದರು ದಾದಿ. "ಸೊನ್ನೆ ಅವರಿಗೆ. ಹನ್ನೊಂದು ನನಗೆ."

ಅಷ್ಟರಲ್ಲಿ ಉಗ್ರಾಣದವರು ಬೀಗದ ಕೈ ಹಿಡಿದು ಬಂದರು. ಸಂಜೆ ಆರರೊಳಗೆ ಸ್ಟೆಪ್ನಿ ಉಗ್ರಾಣ ಸೇರಬೇಕಿತ್ತು. ನಾದಿನಿ ನಿಯಮಾವಳಿಯನ್ನು ಮತ್ತೆ ಕೇಳಿ ಪಡೆದರು. ಕೊನೆಗೆ ದಾದಿಯನ್ನು "ರಿಪೇರಿಗಾಗಿ ಹೊರಗೆ" ಎಂಬ ಗೇಟ್ ಪಾಸಿನ ಮೇಲೆ ಒಂದು ವರ್ಷಕ್ಕೆ ಬಿಡುಗಡೆ ಮಾಡಲಾಯಿತು. ರಿಪೇರಿ ಮಾಡುವವರ ಹೆಸರಿನ ಮುಂದೆ ನಾದಿನಿ ಸಹಿ ಹಾಕಿದರು. ಮುಂದಿನ ತಿಂಗಳು ತಪಾಸಣೆಯವರು ಬಂದು, ಪುಸ್ತಕದಲ್ಲಿ ಸ್ಟೆಪ್ನಿಯನ್ನೂ ಕಡತದಲ್ಲಿ ಪಾಸನ್ನೂ ಕಂಡು, ಇಷ್ಟು ಅಚ್ಚುಕಟ್ಟಾದ ಕಚೇರಿಯನ್ನು ತಾವು ನೋಡಿಲ್ಲವೆಂದು ಬರೆದು ಹೋದರು.

ಸುದ್ದಿ ಹಬ್ಬಲು ತಡವಾಗಲಿಲ್ಲ. ಈಗ ಗಡಿಯಾರ ರಿಪೇರಿಯವರು ಎಡಗಡೆಯ ಕನ್ನಡಿ, ಅವರ ಹೆಂಡತಿ ಬಲಗಡೆಯದು. ಮನೆಯಲ್ಲೂ ಹಾಗೆಯೇ ಎದುರುಬದುರು ಇದ್ದವರಾದ್ದರಿಂದ ತೊಂದರೆಯಾಗಿಲ್ಲ. ಮೇಷ್ಟ್ರು ಮುಂದಿನ ದೀಪವಾಗಿ ಪ್ರಯಾಣಿಸುತ್ತಾರೆ. ಹಲ್ಲಿನ ಡಾಕ್ಟರಿಗೆ ಹಾರ್ನ್ ಕೊಡಲಾಗಿದೆ. ಅಭಯಾರಣ್ಯದಲ್ಲಿ ಮೌನ ಕಡ್ಡಾಯವೆಂದು ಅವರಿಂದ ಲಿಖಿತ ಮುಚ್ಚಳಿಕೆ ಪಡೆಯಲಾಗಿದೆ. ಟಿಕೆಟ್ಟಿನ ಕಿಟಕಿಗೆ "ಬಿಡಿಭಾಗಗಳು" ಎಂಬ ಹೊಸ ಫಲಕ ಬಂದಿದೆ. ಸಣ್ಣ ಗುಂಪು ಇಂದಿಗೂ ಆರೇ ಜನರದ್ದು.

ವರ್ಷ ತುಂಬಿದ ದಿನ ಉಗ್ರಾಣದವರು ಪಾಸು ನವೀಕರಿಸಲು ದಾದಿಯ ಮನೆಗೆ ಹೋದರು. ಪರಿಶೀಲನೆಯಿಲ್ಲದೆ ನವೀಕರಣವಿಲ್ಲ.

"ಸ್ಟೆಪ್ನಿ ಇದೆಯಾ ಅಮ್ಮ?"

"ಇದೆ, ಒಳಗೆ ಬನ್ನಿ," ಎಂದರು ನಾದಿನಿ. "ಚಪ್ಪಲಿ ಹೊರಗಿರಲಿ."

ದಾದಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಬಂದವರು ಯಾರೆಂದು ದನಿಯಿಂದ ತಿಳಿದು ನಮಸ್ಕರಿಸಿದರು. ನಮಸ್ಕಾರ ಸ್ವಲ್ಪ ಪಕ್ಕದ ಬೀರುವಿಗೆ ಹೋಯಿತು. ಉಗ್ರಾಣದವರು ನಮೂನೆ ಬಿಡಿಸಿದರು.

"ಏನಾದ್ರೂ ಕಾಣುತ್ತಾ ಅಮ್ಮ?"

"ಕಾಣುತ್ತಪ್ಪ. ಹನ್ನೊಂದು ಆನೆ. ಮರಿ ಈಗಷ್ಟೇ ಬಿತ್ತು."

ಉಗ್ರಾಣದವರು ಷರಾ ಎಂಬ ಕಾಲಮಿನಲ್ಲಿ ಹನ್ನೊಂದು ಎಂದು ಬರೆದರು. ಕಚೇರಿಯ ದಾಖಲೆಯಲ್ಲಿ ಸೊನ್ನೆ ಇರುವುದು ನೆನಪಾಗಿ ಅಡಿಪಟ್ಟಿ ಇಟ್ಟು ನೇರವಾಗಿ ಹೊಡೆದುಹಾಕಿದರು. ಸ್ಥಿತಿ ಎಂಬ ಕಾಲಮಿನಲ್ಲಿ "ಉತ್ತಮ" ಎಂದು ಬರೆದು ಮೊಹರು ಒತ್ತಿದರು. ಪಾಸನ್ನು ಒಮ್ಮೆಗೇ ಎರಡು ವರ್ಷಕ್ಕೆ ಕೊಡಲಾಗುವುದಿಲ್ಲವೇ ಎಂದು ನಾದಿನಿ ಕೇಳಿದರು. ರಿಪೇರಿ ಅಷ್ಟು ದಿನ ಎಳೆದರೆ ಮೇಲಿನವರಿಗೆ ಸಂಶಯ ಬರುತ್ತದೆಂದು ಅವರು ವಿವರಿಸಿದರು. ಅದೂ ಸರಿಯೇ ಎಂದು ಮೂವರೂ ಒಪ್ಪಿದರು.