ತಮ್ಮ ಊರಿನಲ್ಲಿ ಗಾಳಿ ಸಾಲದಿರುವ ಬಗ್ಗೆ

ಬೆಟ್ಟದ ಮೇಲಿನ ವಿಹಾರಧಾಮದ ಪ್ರವಾಸಿ ಕಚೇರಿಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಮೋಡಗಳಿಗೆ ನೆರೆಮನೆಯವರಾಗಿ ಕುಳಿತು ಕಡತ ವಿಲೇವಾರಿ ಮಾಡುತ್ತಿರುವ ತಮಗೆ, ತಗ್ಗಿನ ಊರೊಂದರಲ್ಲಿ ಸಲೂನ್ ಇಟ್ಟುಕೊಂಡು ಜನರ ತಲೆಗೂದಲು ಕತ್ತರಿಸಿ ಜೀವನ ಮಾಡುವ ನನ್ನ ವಿನಯಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಅಷ್ಟು ಎತ್ತರದಲ್ಲಿ ಉಸಿರಾಡುವುದನ್ನೂ ಕೆಲಸ ಮಾಡುವುದನ್ನೂ ಒಟ್ಟಿಗೇ ನಿಭಾಯಿಸುತ್ತಿರುವ ತಮ್ಮ ಸಿಬ್ಬಂದಿಯ ಬಗ್ಗೆ ನನಗೆ ಅಪಾರ ಗೌರವವಿದೆ. ನಾನು ಅಲ್ಲಿದ್ದಾಗ ನನ್ನಿಂದ ಎರಡರಲ್ಲಿ ಒಂದು ಮಾತ್ರ ಸಾಧ್ಯವಾಗುತ್ತಿತ್ತು, ಅದೂ ಸರಿಯಾಗಿ ಆಗುತ್ತಿರಲಿಲ್ಲ.

ದೂರಿಗೆ ಬರುವ ಮುನ್ನ ನನ್ನ ಷಡ್ಡಕರನ್ನು ತಮಗೆ ಪರಿಚಯಿಸಬೇಕು. ನನ್ನ ಹೆಂಡತಿಯ ತಂಗಿಯ ಗಂಡ. ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಆದ್ದರಿಂದ ಬೇರೆಯವರು ಏನೇ ಮಾಡುತ್ತಿದ್ದರೂ ಪಕ್ಕದಲ್ಲಿ ಕುಳಿತು ಕಾಲಿನಿಂದ ಇಲ್ಲದ ಬ್ರೇಕ್ ಒತ್ತುವ ಅಭ್ಯಾಸ ಅವರಿಗಿದೆ. ಅವರ ಮದುವೆಯ ದಿನ ಬೆಳಿಗ್ಗೆ ಅವರ ಕೂದಲು ಕತ್ತರಿಸುವ ಗೌರವ ನನ್ನ ಪಾಲಿಗೆ ಬಂದಿತ್ತು. ಕತ್ತರಿ ಬಲಗಿವಿಯ ಹತ್ತಿರ ಇದ್ದಾಗ ಅವರು ತಲೆ ತಿರುಗಿಸಿದರು. ಪರಿಣಾಮವಾಗಿ ಮದುವೆಯ ಎಲ್ಲ ಫೋಟೋಗಳಲ್ಲೂ ಮದುಮಗನ ಒಂದು ಕೆನ್ನೆ ಇನ್ನೊಂದಕ್ಕಿಂತ ಅಗಲವಾಗಿ ಕಾಣುತ್ತದೆ. ತಲೆ ತಿರುಗಿಸಿದ್ದರಿಂದ ಕತ್ತರಿ ತಪ್ಪಿತು ಎಂಬುದು ನನ್ನ ವಾದ. ಕತ್ತರಿ ತಪ್ಪಿದ್ದರಿಂದಲೇ ತಲೆ ತಿರುಗಿಸಬೇಕಾಯಿತು ಎಂಬುದು ಅವರ ವಾದ. ಅಂದಿನಿಂದ ನಾವು ಹೆಂಡತಿಯರ ಮೂಲಕವಷ್ಟೇ ಮಾತಾಡುತ್ತಿದ್ದೆವು. ನೇರವಾಗಿ ಕರೆಯಲೇಬೇಕಾಗಿ ಬಂದರೆ, ಭಾವ ಅನ್ನಬೇಕೋ ಅಣ್ಣ ಅನ್ನಬೇಕೋ ತೀರ್ಮಾನವಾಗದೆ, ಅವರು ನನ್ನನ್ನು "ನೋಡಿ ಇವರೇ" ಎನ್ನುತ್ತಿದ್ದರು. ಆ ಮುನಿಸನ್ನು ನಾವಿಬ್ಬರೂ ಮಗುವಿನಂತೆ ಸಾಕಿದ್ದೆವು, ಮಾನ್ಯರೇ. ಅದಕ್ಕೆ ಒಂದು ದಿನವೂ ಹಸಿವಾಗಲು ಬಿಟ್ಟವರಲ್ಲ.

ಇದರಿಂದ ತೊಂದರೆಯಾದದ್ದು ಅಕ್ಕತಂಗಿಯರಿಗೆ. ಚಿಕ್ಕಂದಿನಲ್ಲಿ ಒಂದೇ ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಿದ್ದ ಅವರು ಈಗ ಗಂಡಂದಿರಿಗೆ ಬೇಸರವಾಗದಿರಲೆಂದು ಬಸ್ ನಿಲ್ದಾಣದಲ್ಲಿ ಭೇಟಿಯಾಗಿ, ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತುತ್ತಿದ್ದರು. ಹೀಗಿರುವಾಗ ನನ್ನ ನಾದಿನಿಯ ಕೈಗೆ ತಮ್ಮ ಕಚೇರಿಯ ಪ್ರಚಾರ ಪುಸ್ತಿಕೆ ಸಿಕ್ಕಿತು. ಬೆಟ್ಟದ ನೆತ್ತಿಯಿಂದ ಕಣಿವೆಯ ತನಕ ಸೈಕಲ್ ಇಳಿಯುವ ದಾರಿ, ಪಕ್ಕದಲ್ಲಿ ಹೂವು, ಮೇಲೆ ನೀಲಿ ಆಕಾಶ, ಕೆಳಗೆ "ಇಡೀ ಕುಟುಂಬಕ್ಕೆ ಹೇಳಿ ಮಾಡಿಸಿದ ಇಳಿಜಾರು" ಎಂಬ ಸಾಲು. ಆ ಸಂಜೆ ನನ್ನ ಹೆಂಡತಿ ಸಲೂನಿಗೆ ಬಂದು, ಬಾಗಿಲು ಹಾಕಿಕೊಂಡು, ಗಿರಾಕಿಯ ಕುರ್ಚಿಯಲ್ಲಿ ಕುಳಿತು, ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಹೇಳಿದಳು: "ರೀ, ನಾವು ನಾಲ್ಕು ಜನ ಒಂದೇ ಒಂದ್ ಸಲ ಒಂದು ಮೇಜಿನ ಸುತ್ತ ಕೂತು ಊಟ ಮಾಡ್ಬೇಕು. ಬೆಟ್ಟದ ಮೇಲಾದ್ರೂ ಸರಿ. ಅವಳಿಗೂ ವಯಸ್ಸಾಗ್ತಿದೆ, ನನಗೂ ಆಗ್ತಿದೆ." ಕನ್ನಡಿಯ ಮುಂದೆ ಕುಳಿತವರಿಗೆ ಇಲ್ಲ ಎನ್ನುವುದು ನನ್ನ ವೃತ್ತಿಯಲ್ಲಿ ರೂಢಿಯಿಲ್ಲ.

ಪ್ರವಾಸದ ತಯಾರಿ ವಾರದ ರಜೆಯ ದಿನಗಳಲ್ಲಿ ನನ್ನ ಸಲೂನಿನಲ್ಲೇ ನಡೆಯಿತು. ಷಡ್ಡಕರು ಡ್ರೈವಿಂಗ್ ಸ್ಕೂಲಿನಿಂದ ಬೋರ್ಡನ್ನೂ ಕಡ್ಡಿಯನ್ನೂ ತಂದು, ಕನ್ನಡಿಗಳಿಗೆ ಅಡ್ಡವಾಗಿ ಬೆಟ್ಟದ ಮೇಲಿನ ತಮ್ಮ ಊರಿನ ನಕ್ಷೆ ತೂಗುಹಾಕಿ, ತಿರುವಿನಲ್ಲಿ ಮುಂದಿನ ಬ್ರೇಕ್ ಹಿಡಿಯಬೇಕೋ ಹಿಂದಿನದೋ ಎಂದು ಬೋಧಿಸುತ್ತಿದ್ದರು. ಟೈರು ದಪ್ಪಗಿರಬೇಕೆಂದು ನಾನು ಹೇಳಿದರೆ, ಅವರು ನಾದಿನಿಯ ಕಡೆ ತಿರುಗಿ, "ದಪ್ಪ ಟೈರು ಟ್ರ್ಯಾಕ್ಟರಿಗೆ ಇರುತ್ತೆ ಅಂತ ಹೇಳು" ಎನ್ನುತ್ತಿದ್ದರು. ಅವಳು ಅರ್ಧ ಮಾರು ದೂರದಲ್ಲಿದ್ದ ನನಗೆ ಅದನ್ನು ಹೇಳುತ್ತಿದ್ದಳು. ಪ್ರವಾಸಕ್ಕೆಂದು ಕೊಂಡ ಹೊಸ ಸೈಕಲ್ಲನ್ನು ಇಡಲು ಜಾಗವಿಲ್ಲದೆ ನಾನು ಅದನ್ನು ಸಲೂನಿನ ಗೋಡೆಗೆ ನೇತುಹಾಕಿದೆ. ಗಿರಾಕಿಗಳು ಅದರ ಹ್ಯಾಂಡಲ್ಲಿಗೆ ಕೋಟು ಸಿಕ್ಕಿಸತೊಡಗಿದರು. ಷಡ್ಡಕರು ಮೇಲ್ಸೇತುವೆ ಹತ್ತಿ ಇಳಿದು ಅಭ್ಯಾಸ ಮಾಡುತ್ತಾರೆಂದು ತಿಳಿದ ದಿನವೇ ನಾನೂ ನೀರಿನ ಟ್ಯಾಂಕಿನ ದಿಬ್ಬ ಹತ್ತಲು ಶುರುಮಾಡಿದೆ. ಹೆಂಡತಿಯರು ಮಾತ್ರ ಯಾವ ಅಭ್ಯಾಸವನ್ನೂ ಮಾಡದೆ ದಾರಿಗೆ ಏನೇನು ತಿಂಡಿ ಕಟ್ಟಿಕೊಳ್ಳಬೇಕೆಂದು ಚರ್ಚಿಸುತ್ತಿದ್ದರು.

ಇಷ್ಟರಲ್ಲಿ ನಾನು ಮುಂಜಾಗ್ರತೆಯಿಂದ, ಎತ್ತರದ ಜಾಗ ನಮ್ಮಂಥ ತಗ್ಗಿನವರಿಗೆ ಒಗ್ಗುತ್ತದೆಯೇ ಎಂದು ತಮ್ಮ ಕಚೇರಿಗೆ ಬರೆದು ಕೇಳಿದ್ದೆ. "ನಮ್ಮ ಊರಿನ ಗಾಳಿ ಅತ್ಯಂತ ಶುದ್ಧವಾಗಿದೆ" ಎಂದು ತಾವು ದಯಮಾಡಿ ಉತ್ತರಿಸಿದಿರಿ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಎಷ್ಟು ಶುದ್ಧವೆಂದರೆ, ಅದರಲ್ಲಿ ಏನೂ ಇರಲಿಲ್ಲ. ಹೊಸಬರು ಮೊದಲ ಎರಡು ದಿನ ಸುಮ್ಮನೆ ವಿಶ್ರಾಂತಿ ಪಡೆಯಬೇಕೆಂಬ ಸೂಚನೆಯನ್ನೂ ತಾವು ಮರೆತಿರಲಿಲ್ಲ. ಅದನ್ನು ವಸತಿಗೃಹದ ಬೀರುವಿನ ಬಾಗಿಲಿನ ಒಳಮೈಗೆ, ಹೆಚ್ಚುವರಿ ಕಂಬಳಿ ಬೇಕಾದವರಿಗೆ ಮಾತ್ರ ಕಾಣುವಂತೆ ಅಂಟಿಸಿದ್ದೀರಿ. ನಮಗೆ ಕಂಬಳಿ ಬೇಕಾದದ್ದು, ಬಂದ ದಿನವೇ ನಾವು ಗಂಡಸರಿಬ್ಬರು ಪೈಪೋಟಿಯ ಮೇಲೆ ಊರನ್ನು ಮೂರು ಸುತ್ತು ಹಾಕಿ ಬಂದ ಮೇಲೆ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಬಕೆಟ್ಟನ್ನು ನಡುವೆ ಇಟ್ಟುಕೊಂಡು ಮಲಗಿದ್ದೆವು. ತಲೆಯೊಳಗೆ ಯಾರೋ ಮರಳು ಜರಡಿ ಹಿಡಿಯುತ್ತಿರುವಂತಿತ್ತು. ಅಕ್ಕತಂಗಿಯರಿಗೆ ಏನೂ ಆಗಿರಲಿಲ್ಲ. ನಮ್ಮನ್ನು ಬಿಟ್ಟು ಹೋಗಲು ಅವರು ಒಪ್ಪಲಿಲ್ಲ. ನಾವೇ, ಜೀವನದಲ್ಲಿ ಮೊದಲ ಸಲ ಒಮ್ಮತದಿಂದ, ಹೋಗಿ ಬನ್ನಿ ಎಂದು ಕೈಸನ್ನೆ ಮಾಡಿದೆವು. ಅವರು ನಮ್ಮ ಸೈಕಲ್ಲುಗಳನ್ನೇ ಏರಿ ಹೊರಟರು. ಆಮೇಲೆ ಆ ಕೋಣೆಯಲ್ಲಿ ಸಂಭವಿಸಿದ್ದನ್ನು ನಾನು ವಿಷಾದದಿಂದ ವರದಿ ಮಾಡುತ್ತಿದ್ದೇನೆ. ಜಗಳಕ್ಕೆ ಉಸಿರು ಬೇಕು, ಮಾನ್ಯರೇ. ಅವರು "ನಿಮ್ಮಿಂದಲೇ" ಎಂದು ಆರಂಭಿಸಿ ಅಲ್ಲಿಗೇ ಸುಸ್ತಾದರು. ನಾನು "ನನ್ನಿಂದಲ್ಲ" ಎಂದು ಹೇಳಲು ಎದ್ದು, ಹೇಳದೆ ಮಲಗಿದೆ. ಸ್ವಲ್ಪ ಹೊತ್ತಿನಲ್ಲಿ ಅವರ ಮಾತಿನ ಉಳಿದ ಅರ್ಧವನ್ನು ನಾನೂ, ನನ್ನ ಮಾತಿನ ಉಳಿದ ಅರ್ಧವನ್ನು ಅವರೂ ಆಡಿ ಮುಗಿಸತೊಡಗಿದೆವು. ಇದು ಯಾವ ದಿಕ್ಕಿಗೆ ಹೋಗುತ್ತಿದೆಯೆಂದು ನಾನು ಗಾಬರಿಯಾಗುವಷ್ಟರಲ್ಲಿ ಅವರು ಮಾತನ್ನೇ ನಿಲ್ಲಿಸಿದರು.

ತಿರುಗಿ ನೋಡಿದರೆ ಅವರು ಗೋಡೆಗೆ ಒರಗಿ ಕುಳಿತಿದ್ದರು. ಮಲಗಿದರೆ ಕೆಮ್ಮು ಬರುತ್ತಿತ್ತು. ತುಟಿಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು, ಎದೆಯಲ್ಲಿ ಗೊರಗೊರ ಶಬ್ದ. ಅವರನ್ನು ಹೆಗಲಿಗೆ ಆನಿಸಿಕೊಂಡು, ನಾನೂ ತೂರಾಡುತ್ತ, ಬೀದಿಯ ಕೊನೆಯಲ್ಲಿದ್ದ ಚಿಕಿತ್ಸಾಲಯಕ್ಕೆ ಹೋದೆ. ವೈದ್ಯೆ ಅವರ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದವರೇ, "ಶ್ವಾಸಕೋಶದಲ್ಲಿ ನೀರು ತುಂಬ್ತಿದೆ. ಕೆಳಗೆ ಇಳಿಸೋದೇ ಇದಕ್ಕೆ ಔಷಧಿ. ಈಗಲೇ ಇಳಿಸಿ" ಎಂದರು. ರಸ್ತೆಯನ್ನು ತಮ್ಮ ಕಚೇರಿ ಸೈಕಲ್ ಉತ್ಸವಕ್ಕಾಗಿ ಆ ದಿನ ಮುಚ್ಚಿತ್ತು. ಆಂಬ್ಯುಲೆನ್ಸ್ ರಸ್ತೆಗೆ ಅಡ್ಡ ಕಟ್ಟಿದ ಉತ್ಸವದ ತೋರಣದ ಆಚೆ ಬದಿಯಲ್ಲಿ ಸಿಕ್ಕಿಕೊಂಡಿತ್ತು. ಉಳಿದದ್ದು ರೋಪ್‌ವೇ. ವೈದ್ಯೆ ಕೆಳಗಿನ ಆಸ್ಪತ್ರೆಗೆ ಫೋನ್ ಮಾಡಿ, ಒಂದು ಸಣ್ಣ ಆಮ್ಲಜನಕದ ಸಿಲಿಂಡರನ್ನು ನನ್ನ ತೋಳಿಗೆ ತಗುಲಿಹಾಕಿ ಕಳಿಸಿದರು.

ರೋಪ್‌ವೇ ಕಿಟಕಿಯಲ್ಲಿದ್ದ ತಮ್ಮ ನೌಕರಳು ಬಹಳ ವಿನಯದಿಂದ ವಿವರಿಸಿದಳು: "ಇವತ್ತು ಮೇಲಕ್ಕೆ ಬರೋಕೆ ಮಾತ್ರ ಟಿಕೆಟ್ ಸಾರ್. ಎಲ್ಲರೂ ಸೈಕಲ್ಲಲ್ಲೇ ಇಳೀತಾರೆ. ಕೆಳಗೆ ಹೋಗೋ ಡಬ್ಬಿಯಲ್ಲಿ ಕೆಟ್ಟುಹೋದ ಸೈಕಲ್ಲುಗಳಿಗೆ ಮಾತ್ರ ಜಾಗ." ಇಂಥ ದೂರದೃಷ್ಟಿಯ ನಿಯಮವನ್ನು ರೂಪಿಸಿದ ತಮ್ಮನ್ನು ಎಷ್ಟು ಹೊಗಳಿದರೂ ಕಡಿಮೆ. ನನಗೆ ವಾದಿಸಲು ಉಸಿರಿರಲಿಲ್ಲ. "ಹಾಗಾದ್ರೆ ಇವರನ್ನೂ ಕೆಟ್ಟ ಸೈಕಲ್ ಅಂತ ಬರ್ಕೊಳ್ಳಮ್ಮ" ಎಂದೆ. ಅವಳು ಕಿಟಕಿಯಿಂದ ಬಗ್ಗಿ ಷಡ್ಡಕರ ತುಟಿಯನ್ನು ನೋಡಿದಳು. "ರಿಪೇರಿ" ಎಂದು ಬರೆದಿದ್ದ ಹಳದಿ ಚೀಟಿಯನ್ನು ಅವರ ಮಣಿಕಟ್ಟಿಗೆ ಕಟ್ಟಿ, ಸರತಿಯನ್ನು ನಿಲ್ಲಿಸಿ, ಡಬ್ಬಿಯಿಂದ ನಾಲ್ಕು ಸೈಕಲ್ಲುಗಳನ್ನು ತಾನೇ ಎಳೆದು ಹೊರಗೆ ಹಾಕಿ, ನಮ್ಮನ್ನು ಒಳಗೆ ಕೂರಿಸಿದಳು. ತಮ್ಮ ನಿಯಮವನ್ನು ಅಕ್ಷರಶಃ ಪಾಲಿಸಿದ ಆಕೆಗೆ ಬಡ್ತಿ ಕೊಡಬೇಕೆಂದು ಈ ಮೂಲಕ ಶಿಫಾರಸು ಮಾಡುತ್ತೇನೆ.

ಕೆಸರು ಮೆತ್ತಿದ ಸೈಕಲ್ಲುಗಳ ನಡುವೆ ನೆಲದ ಮೇಲೆ ಕುಳಿತೆ. ಅವರ ಬೆನ್ನು ನನ್ನ ಎದೆಗೆ, ತಲೆ ನನ್ನ ಗಲ್ಲದ ಕೆಳಗೆ. ಮದುವೆಯ ದಿನದ ನಂತರ ಅಷ್ಟು ಹತ್ತಿರದಿಂದ ಆ ತಲೆಯನ್ನು ನಾನು ನೋಡಿದ್ದು ಅವತ್ತೇ. ನೆತ್ತಿ ತೆಳುವಾಗಿತ್ತು. ಯಾವನೋ ಕೈ ಪಳಗದವನು ಹಿಂಭಾಗವನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ್ದ. ನನಗೆ ವಿಪರೀತ ಸಂಕಟವಾಯಿತು. ಆಮ್ಲಜನಕದ ಮುಖಗವಸು ಹಿಡಿದುಕೊಂಡೇ ಅವರು, "ಅಣ್ಣ" ಎಂದರು. ಡಬ್ಬಿಯಲ್ಲಿ ಇನ್ಯಾರೂ ಇರಲಿಲ್ಲವಾದ್ದರಿಂದ ಅದು ನನಗೇ ಹೇಳಿದ್ದಿರಬೇಕು. "ಅವತ್ತು... ತಲೆ ತಿರುಗಿಸಿದ್ದು... ನಾನೇ. ಬಾಗಿಲಲ್ಲಿ ಅವಳು ಬಂದಂಗಾಯ್ತು."

ಈ ಒಂದು ಮಾತಿಗಾಗಿ ನಾನು ಅಷ್ಟು ವರ್ಷ ಕಾದಿದ್ದೆ, ಮಾನ್ಯರೇ. ಅದು ಸಿಕ್ಕ ದಿನ ಏನೇನು ಹೇಳಬೇಕೆಂದು ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದ್ದೆ. ಆದರೆ ತಮ್ಮ ಬೆಟ್ಟದಿಂದ ಜೋತಾಡುತ್ತ ನಾನು ಹೇಳಿದ್ದು ಇಷ್ಟೇ: "ಸುಮ್ನಿರಿ, ಉಸಿರು ಖರ್ಚು ಮಾಡ್ಬೇಡಿ. ಕೆಳಗೆ ಹೋಗಿ ಜಗಳ ಆಡೋಣ." ಆ ಡಬ್ಬಿ ಕೆಳಗಿಳಿಯುವವರೆಗೂ ನಾನು ಬೇಡಿಕೊಂಡದ್ದು ಒಂದೇ: ಈ ಮನುಷ್ಯ ಇನ್ನೊಮ್ಮೆ ನನ್ನನ್ನು ಬೈಯುವಂತಾಗಲಿ.

ಕೆಳಗೆ ವಾಹನ ಕಾದಿತ್ತು. ನಾನು ಫೋನ್ ಮಾಡಿದ ಮೇಲೆ ಅಕ್ಕತಂಗಿಯರು ಹೆಲ್ಮೆಟ್ಟಿನಲ್ಲೇ, ಮೊಣಕಾಲುದ್ದ ಕೆಸರಿನಲ್ಲೇ ಆಸ್ಪತ್ರೆಯೊಳಗೆ ಓಡಿಬಂದರು. ನಾದಿನಿ ಗಂಡನ ಹಾಸಿಗೆಯ ಅಂಚಿಗೆ ಕುಸಿದು ಕುಳಿತಳು. ಅಪಾಯ ಕಳೆದಿದೆಯೆಂದು ನರ್ಸ್ ಹೇಳಿದ ಮೇಲೂ ಹೆಲ್ಮೆಟ್ ತೆಗೆಯುವುದು ಅವಳಿಗೆ ನೆನಪಾಗಲಿಲ್ಲ. ನನ್ನ ಹೆಂಡತಿ ಮೆಲ್ಲಗೆ ಕೇಳಿದಳು: "ರೀ, ಅವರ ಕೈ ನಿಮ್ಮ ಕೈಯಲ್ಲಿ ಯಾಕಿದೆ?" ಅಲ್ಲಿಯವರೆಗೆ ನನಗದು ಗೊತ್ತಿರಲಿಲ್ಲ. ಎರಡು ದಿನ ಕಳೆದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಕಾಲು ಕುಂಟುವ ಸ್ಟೀಲ್ ಮೇಜಿನ ಸುತ್ತ, ನಾವು ನಾಲ್ವರೂ ಕುಳಿತು ಊಟ ಮಾಡಿದೆವು. ಅಕ್ಕತಂಗಿಯರು ಇಳಿಜಾರಿನ ಒಂದೊಂದು ತಿರುವನ್ನೂ ವರ್ಣಿಸಿದರು. ಷಡ್ಡಕರು ಕುಳಿತಲ್ಲೇ ಮೇಜಿನ ಕೆಳಗೆ ಬ್ರೇಕ್ ಒತ್ತುತ್ತಿದ್ದರು.

ಈಗ ನನ್ನ ದೂರು. ಸಂಪೂರ್ಣ ಚೇತರಿಸಿಕೊಂಡ ಷಡ್ಡಕರು, ಗಾಳಿಯಿಲ್ಲದ ಕಡೆ ಆಡಿದ ಮಾತು ಲೆಕ್ಕಕ್ಕೆ ಬರುವುದಿಲ್ಲವೆಂದೂ, ರೋಪ್‌ವೇಯಲ್ಲಿ ಹೇಳಿದ್ದನ್ನು ಹಿಂತೆಗೆದುಕೊಂಡಿರುವುದಾಗಿಯೂ ಘೋಷಿಸಿದ್ದಾರೆ. ಹೀಗೆ ಹೇಳಲು ಅವರು ಪ್ರತಿ ವಾರ ನನ್ನ ಸಲೂನಿಗೇ ಬಂದು, ನನ್ನ ಕುರ್ಚಿಯಲ್ಲೇ ಕುಳಿತು, ಗಂಟೆಗಟ್ಟಲೆ ನೇರವಾಗಿ ನನ್ನೊಡನೆಯೇ ವಾದಿಸುತ್ತಾರೆ. ನನ್ನ ವ್ಯಾಪಾರ ಹಾಳಾಗುತ್ತಿದೆ. ಆದ್ದರಿಂದ, ತಮ್ಮ ಊರಿನ ಎತ್ತರದಲ್ಲಿ ಒಪ್ಪಿಕೊಂಡ ತಪ್ಪು ಎಲ್ಲ ಎತ್ತರಗಳಲ್ಲೂ ಊರ್ಜಿತವೆಂದು ಮೊಹರು ಸಹಿತ ಪ್ರಮಾಣಪತ್ರವೊಂದನ್ನು ದಯಪಾಲಿಸಬೇಕು. ಜೊತೆಗೆ, ಮುಂದಿನ ವರ್ಷಕ್ಕೆ ಅಕ್ಕತಂಗಿಯರು ಈಗಾಗಲೇ ಕೋಣೆ ಕಾದಿರಿಸಿರುವುದರಿಂದ, ಅಷ್ಟರೊಳಗೆ ತಮ್ಮ ಊರನ್ನು ಅರ್ಧದಷ್ಟಾದರೂ ಕೆಳಗೆ ಇಳಿಸಿಡಬೇಕು. ಅದು ಕಷ್ಟವೆಂದಾದರೆ, ಕನಿಷ್ಠ ಆ ಸೂಚನೆಯನ್ನು ಬೀರುವಿನಿಂದ ಬಿಡಿಸಿ ಊರಬಾಗಿಲಿಗೆ ಅಂಟಿಸುವ ಶ್ರಮ ವಹಿಸಬೇಕು. ಅಂಟು ನಾನೇ ಕಳಿಸಿಕೊಡುತ್ತೇನೆ.

ಇಂತಿ, ಸಮತಟ್ಟಾದ ನೆಲದ ಮೇಲೆ ಎರಡೂ ಕಾಲೂರಿ ನಿಂತು, ಸಾಕಷ್ಟು ಉಸಿರೆಳೆದುಕೊಂಡು ಸಹಿ ಮಾಡಿರುವ,

ತಮ್ಮ ವಿಶ್ವಾಸಿ,
ಸಲೂನಿನವನು

ಮರೆತ ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ತಮ್ಮ ಕಚೇರಿಯ ಹೊಸ ಜಾಹೀರಾತನ್ನು ನಾದಿನಿ ತಂದು ತೋರಿಸಿದಳು. ರೋಪ್‌ವೇಯ ಕ್ಯಾಮೆರಾ ತೆಗೆದ ಚಿತ್ರದಲ್ಲಿ, ಸೈಕಲ್ಲುಗಳ ನಡುವೆ ಇಬ್ಬರು ನಡುವಯಸ್ಸಿನವರು ಒಬ್ಬರನ್ನೊಬ್ಬರು ಅಪ್ಪಿ ಕುಳಿತಿದ್ದಾರೆ. ಕೆಳಗೆ "ಸಾಹಸದ ನಂತರದ ಸಂತೃಪ್ತಿ" ಎಂದು ಮುದ್ರಿಸಿದ್ದೀರಿ. ಆ ಸಂತೃಪ್ತರಲ್ಲಿ ಒಬ್ಬರಿಗೆ ಆಗ ಉಸಿರು ನಿಲ್ಲುವುದರಲ್ಲಿತ್ತು ಎಂಬುದನ್ನು ಶೀರ್ಷಿಕೆ ಬರೆದವರ ಗಮನಕ್ಕೆ ತರಬೇಕು. ಚಿತ್ರವನ್ನು ಮಾತ್ರ ತೆಗೆದುಹಾಕಬೇಡಿ. ದೊಡ್ಡದಾಗಿ ಎರಡು ಪ್ರತಿ ಮಾಡಿಸಿ ಕಳಿಸಿ. ಒಂದೇ ಕಳಿಸಿದರೆ ಅದು ಯಾರ ಗೋಡೆಗೆ ಎಂದು ನಮ್ಮಿಬ್ಬರಲ್ಲಿ ತೀರ್ಮಾನವಾಗುವುದಿಲ್ಲ.