ಯಜಮಾನರ ಸಹಿ

ಹಲಗೂರು ಬಸ್ ನಿಲ್ದಾಣದೆದುರು ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಯತೀಶ, ಬೆಲ್ಲದ ಕವರಿನ ಮಾದರಿಯೊಂದನ್ನು ಹೆಮ್ಮೆಯಿಂದ ಫೇಸ್‌ಬುಕ್ಕಿಗೆ ಏರಿಸಿದ್ದೇ ತಪ್ಪಾಯಿತು. ಬೆಳಗ್ಗೆ ಶಟರ್ ಎತ್ತುವಷ್ಟರಲ್ಲಿ ತಕರಾರು ಬಂದು ಕೂತಿತ್ತು: ‘ಕವರಿನ ಮೇಲಿರುವ ಜಲಪಾತದ ಫೋಟೊ ನನ್ನದು. ನಾನು ಅನುಮತಿ ಕೊಟ್ಟಿಲ್ಲ. ಅಚ್ಚು ನಿಲ್ಲಿಸಿ. ಅರ್ಪಿತ, ಪವರ್ ಹೌಸ್ ಕಾಲೊನಿ, ಬ್ಲಫ್.’

ಯತೀಶ ನಕ್ಕ. ಅನುಮತಿ ಪತ್ರಕ್ಕೆ ಸಹಿ ಬೀಳದೆ ಯಾರ ಫೋಟೊವನ್ನೂ ಮುಟ್ಟುವವನಲ್ಲ ಅವನು. ಪತ್ರಗಳ ಫೈಲನ್ನಂತೂ ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತುತ್ತಿದ್ದ.

ಅಷ್ಟರಲ್ಲಿ ಆ ತಕರಾರನ್ನು ಓದಿಕೊಂಡೇ ಆಲೆಮನೆಯ ಮಹದೇವು ಬಂದ. ಕವರಿನ ಗಿರಾಕಿ ಅವನೇ. ವರ್ಷವಿಡೀ ನಡೆಯುವ ಆ ಆರ್ಡರು ತಪ್ಪಿದರೆ ಯತೀಶನಿಗೆ ಉಳಿಯುವುದು ಹುಟ್ಟುಹಬ್ಬದ ಫ್ಲೆಕ್ಸು ಮಾತ್ರ.

“ಕೇಸು ಗೀಸು ಅಂದ್ರೆ ನಾನು ಮಳವಳ್ಳೀಲಿ ಮಾಡುಸ್ಕೊತೀನಿ ಕಣ್ಲಾ.”

“ಪತ್ರ ಅದೆ ಕಣಣ್ಣ, ಕೂತ್ಕೊ.”

ಪಕ್ಕದ ಟೀ ಅಂಗಡಿಯ ಮರಿಸಿದ್ದಯ್ಯ ಲೋಟದೊಂದಿಗೇ ಒಳಬಂದ. “ಮಾದೇವ, ನಿನ್ ಎಂಡ್ರಿಗೆ ಫೋನ್ ಮಾಡಿ ಏಳಿವ್ನಿ. ಕವರ್‌ಗೆ ಕೇಸ್ ಬಿದ್ದದೆ, ಗಾಬ್ರಿ ಆಗ್ಬ್ಯಾಡವ್ವ ಅಂತ.”

“ಗಾಬ್ರಿ ಆಗ್ದೆ ಇದ್ದೋಳ್ಗೆ ಯಾಕಣ್ಣ ಏಳೋಕೋದೆ?” ಎಂದ ಮಹದೇವು.

ಯತೀಶ ಅರ್ಪಿತಳಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರಿಗೆ ಹಾಕಿದ. “ಮೇಡಂ, ಪವರ್ ಹೌಸಿನ ಸಂತೋಷ್ ಅನ್ನೋರು ಸಹಿ ಹಾಕಿರೋ ಪತ್ರ ನನ್ನ ಕೈಯಲ್ಲಿದೆ.”

“ಅವರು ನಮ್ಮನೆಯವರು. ಫೋಟೊ ತೆಗೆದಿದ್ದು ನಾನು.”

“ಮನೆ ಯಜಮಾನ್ರು ಸಹಿ ಹಾಕಿದ್ಮೇಲೆ...”

“ನಾನು ಫೋಟೊ ತೆಗೆಯೋವಾಗ ಯಜಮಾನ್ರು ಬೈಕ್ ನಿಲ್ಸೋಕೆ ಜಾಗ ಹುಡುಕ್ತಿದ್ರು.”

ಯತೀಶನ ಕೈಯಲ್ಲಿ ಫೈಲು ಒಮ್ಮೆಲೇ ಭಾರವಾಯಿತು. ಅದರ ತುಂಬ ಇದ್ದದ್ದು ಯಜಮಾನರ ಸಹಿಗಳೇ. ಆದರೂ ಮಣಿದು ಕೇಳಿಕೊಂಡ. ಅರ್ಪಿತ ಸ್ವಲ್ಪ ಸತಾಯಿಸಿದಳು. ಕೊನೆಗೆ, “ಮೊದಲೇ ನನ್ನ ಕೇಳಿದ್ರೆ ಕೊಡ್ತಿದ್ದೆ. ನನ್ನ ಹೆಸರು ಹಾಕಿ ಬಳಸ್ಕೊಳ್ಳಿ. ಒಪ್ಪಿಗೆ ಬರೆದು ಕಳಿಸ್ತೀನಿ,” ಎಂದಳು. ಯತೀಶ ಗೆದ್ದ ಗೂಳಿಯಂತೆ ಸುತ್ತ ನೋಡಿದ.

ಬಾಗಿಲಲ್ಲಿ ವನಜಾ ನಿಂತಿದ್ದಳು, ಮಹದೇವುವಿನ ಹೆಂಡತಿ. ಬಸ್ಸಿಳಿದು ನೇರ ಬಂದಿದ್ದಳು.

“ಕವರ್ ಎಲ್ಲದೆ, ತೋರ್ಸಿ.” ಯತೀಶ ತೋರಿಸಿದ. “ಬೆಲ್ಲದ ಮ್ಯಾಲೆ ಯಾರಾದ್ರೂ ನೀರ್ ಉಯ್ತಾರಾ? ಇದುಕ್ಕೆ ಒಪ್ಪಿದ್ಯಾರು?”

ಮಹದೇವು ಕ್ಯಾಲೆಂಡರ್ ಓದತೊಡಗಿದ.

ಯತೀಶನ ಧೈರ್ಯ ಕುಂದಿರಲಿಲ್ಲ. ಫೈಲು ಬಿಡಿಸಿ ಆರ್ಡರಿನ ಹಾಳೆಯ ಮೇಲೆ ಬೆರಳಿಟ್ಟ. “ನೋಡಕ್ಕ, ನಿಮ್ಮನೆ ಯಜಮಾನ್ರೇ ಸಹಿ ಆಕವ್ರೆ.”

“ಆಲೆಮನೆ ನಮ್ಮಪ್ಪ ನನ್ ಎಸರಿಗೆ ಬರ್ದಿರೋದು. ಗಾಣ ನಂದು, ಬೆಲ್ಲ ನಂದು. ಇವ್ರು ಗಾಡಿ ಓಡುಸ್ತಾರೆ ಅಷ್ಟೆ.”

ಮರಿಸಿದ್ದಯ್ಯ ಟೀ ಗುಟುಕರಿಸುವುದನ್ನೂ ನಿಲ್ಲಿಸಿದ. ಅಷ್ಟರಲ್ಲಿ ಮೇಜಿನ ಮೇಲಿಂದ ನಗು ಕೇಳಿಸಿತು. ಅರ್ಪಿತಳ ಫೋನು ಇನ್ನೂ ಕಟ್ಟಾಗಿರಲಿಲ್ಲ.

ವನಜಾ ಫೋನಿನತ್ತ ಬಾಗಿದಳು. “ಯಾರವ್ವ ನೀನು? ಫೋಟೊ ತಗೀತೀಯಾ?”

“ತೆಗೀತೀನಿ ಅಕ್ಕ. ಕವರ್ ಡಿಸೈನೂ ಮಾಡ್ತೀನಿ.”

“ಅಂಗಾದ್ರೆ ನಾಳೆ ಆಲೆಮನೆ ತಾವ ಬಾ. ಸಹಿ ನಾನೇ ಆಕ್ತೀನಿ.”