ಬೈಕಿನ ಊರ್ಧ್ವಗಮನ

ನನ್ನ ಬೈಕನ್ನು ಮುಟ್ಟುವ ಯೋಗ್ಯತೆ ಈ ಭೂಮಂಡಲದ ಯಾವ ಮೆಕ್ಯಾನಿಕ್ಕಿಗೂ ಇಲ್ಲವೆಂಬುದು ನನ್ನ ಅಭಿಪ್ರಾಯ. (ನನಗಂತೂ ಇಲ್ಲವೇ ಇಲ್ಲವೆಂಬುದು ನನ್ನ ಹೆಂಡತಿಯ ಅಭಿಪ್ರಾಯ.) ಅದಕ್ಕೇ ಮನೆಗೊಂದು ಬೈಕ್ ಲಿಫ್ಟ್ ತಂದೆ. ಬೈಕನ್ನು ಅದರ ಮೇಲೆ ನಿಲ್ಲಿಸಿ, ಪಟ್ಟಿ ಬಿಗಿದು, ಪೆಡಲ್ ತುಳಿಯುತ್ತಾ ಹೋದರೆ ಬೈಕು ಮೇಲಕ್ಕೇಳುತ್ತದೆ. ಸೊಂಟ ಬಗ್ಗಿಸದೆ ಸೇವೆ ಮಾಡಬಹುದು.

ಅವತ್ತು ಹತ್ತು ಗಂಟೆಗೆ ನನ್ನವಳಿಗೆ ಲೈಸೆನ್ಸ್ ಪರೀಕ್ಷೆ, ಅದೇ ಬೈಕಿನಲ್ಲಿ. ಹಿಂದೆ ಎರಡು ಸಲ ನಡುವೆ ಕಾಲೂರಿ ಫೇಲಾಗಿದ್ದಳು. ಈ ಸಲವಾದರೂ ಪಾಸಾಗಲೇಬೇಕೆಂದು ಪಾಪ, ವಾರವಿಡೀ ಬೀದಿಯಲ್ಲಿ ಸುತ್ತು ಹೊಡೆದಿದ್ದಳು.

"ರೀ, ದಮ್ಮಯ್ಯ, ಇವತ್ತೊಂದು ದಿನ ಅದರ ತಂಟೆಗೆ ಹೋಗ್ಬೇಡಿ."

"ಚೈನಿಗೆ ಎಣ್ಣೆ ಬಿಡ್ತೀನಿ ಕಣೇ, ಅಷ್ಟೇ."

ಬೈಕು ನಿಲ್ಲುವುದು ಮಹಡಿ ಮೆಟ್ಟಿಲಿನ ಕೆಳಗೆ. ಸೊಂಟದ ಮಟ್ಟಕ್ಕೆ ಎತ್ತಿ ಎಣ್ಣೆ ಬಿಟ್ಟೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಮ್ಮತ್ತೆ ಬಾಗಿಲಿಗೆ ಬಂದು, "ಇನ್ನೂ ಎಷ್ಟೆತ್ತರ ಹೋಗುತ್ತೆ ಅಳಿಯಂದ್ರೇ?" ಅಂದರು. ಅತ್ತೆ ನನ್ನ ಕೆಲಸದಲ್ಲಿ ಆಸಕ್ತಿ ತೋರಿಸಿದ್ದು ಮದುವೆಯಾದ ಮೇಲೆ ಅದೇ ಮೊದಲು! ತುಳಿದೆ, ತುಳಿದೆ, ಬೈಕಿನ ಕನ್ನಡಿಗಳು ಮೇಲಿನ ಕಾಂಕ್ರೀಟಿಗೆ ತಗುಲಿ ಟಕ್ ಎನ್ನುವವರೆಗೂ ತುಳಿದೆ.

ಲಿಫ್ಟ್ ತಾನಾಗಿ ಕುಸಿಯದಂತೆ ಅದಕ್ಕೊಂದು ಕಬ್ಬಿಣದ ಕೊಕ್ಕೆ ಇದೆ. ಅದನ್ನು ಬಿಡಿಸಬೇಕಾದರೆ ಮೊದಲು ಲಿಫ್ಟನ್ನು ಕೂದಲೆಳೆಯಷ್ಟು ಮೇಲೆತ್ತಬೇಕು. ಅಷ್ಟರಲ್ಲಿ ಇವಳು ಹೆಲ್ಮೆಟ್ ಹಾಕಿಕೊಂಡೇ ಹೊರಬಂದಳು.

"ಇಳಿಸಿ, ಹೊತ್ತಾಯ್ತು."

"ಇಳಿಸೋಕೆ ಮೇಲೆತ್ತಬೇಕು."

"ಎತ್ತಿ ಮತ್ತೆ."

"ಮೇಲೆ ಜಾಗ ಇಲ್ಲ."

"ಜಾಗ ಇಲ್ಲದ ಕಡೆ ಯಾಕ್ರೀ ಎತ್ತಿದ್ರಿ?"

"ನಿಮ್ಮಮ್ಮ ಕೇಳಿದ್ರು."

ಅತ್ತೆ ಸದ್ದಿಲ್ಲದೆ ಒಳಗೆ ಹೋದರು. ಇವಳ ಕಣ್ಣು ತುಂಬಿಕೊಂಡಿತು. "ಈ ಸಲ ಪಾಸಾಗೇ ಆಗ್ತಿದ್ದೆ ರೀ," ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಮೆಟ್ಟಿಲನ್ನೇ ಒಡೆದು ಹಾಕುತ್ತೇನೆಂದು ಸುತ್ತಿಗೆ ಹುಡುಕತೊಡಗಿದೆ.

ಇವಳು ಕಣ್ಣೊರೆಸಿಕೊಂಡು ತಲೆಯೆತ್ತಿ ನೋಡಿದಳು. "ತಗುಲ್ತಿರೋದು ಕನ್ನಡಿ ತಾನೇ? ಸುತ್ತಿಗೆ ಅಲ್ಲಿಟ್ಟು ಸ್ಪ್ಯಾನರ್ ಕೊಡಿ." ಸ್ಟೂಲು ಹತ್ತಿ ಎರಡು ಕನ್ನಡಿಯನ್ನೂ ಬಿಚ್ಚಿದಳು. ಅಂಗೈ ಅಗಲ ಜಾಗ ಸಿಕ್ಕಿತು. "ಹ್ಞಾಂ, ಈಗ ತುಳೀರಿ!" ತುಳಿದೆ. ಕೊಕ್ಕೆ ಬಿಟ್ಟಿತು, ಬೈಕು ಮೆಲ್ಲಗೆ ಇಳಿಯಿತು. ಕನ್ನಡಿಗಳನ್ನು ತಾನೇ ತಿರುಗಿ ಕೂರಿಸಿ, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟಳು.

ಒಂದು ಸಲವೂ ಕಾಲೂರದೆ ಪಾಸಾದಳು. ನನಗೆ ಕುಣಿಯುವಷ್ಟು ಖುಷಿ. ಪರೀಕ್ಷಾಧಿಕಾರಿ ಬೈಕಿನ ಸುತ್ತ ಒಂದು ಸುತ್ತು ಬಂದು, ಚೈನಿನ ಹತ್ತಿರ ಬಗ್ಗಿ ನೋಡಿದರು.

"ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ! ಯಾರು ನೋಡ್ಕೊಳ್ಳೋದು?"

ನಾನು ಗಂಟಲು ಸರಿಪಡಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

"ನಾನೇ ಸರ್," ಅಂದಳು ಇವಳು. ಆಮೇಲೆ ನನ್ನ ಕಡೆ ತಿರುಗಿ, ಪಾಪ ಅನ್ನಿಸಿತೋ ಏನೋ, "ಇವರು ಪೆಡಲ್ ತುಳೀತಾರೆ," ಅಂದಳು.